ಎರಡೂ ಕಡೆ ಹಸಿರು

ಮಾರ್ಚ್ ೯, ಸೋಮವಾರ

ಪ್ರೀತಿಯ ಪುಟ್ಟನಿಗೆ,

ಅಕ್ಕನ ಆಶೀರ್ವಾದಗಳು. ಗಡ್ಡ ನರೆಯುತ್ತಿದ್ದರೂ ನನಗೆ ನೀನು ಪುಟ್ಟನೇ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಬೈದುಕೋ, ಆದರೆ ಕೊನೆಯವರೆಗೂ ಓದು. ಫೋನ್ ತೆಗೆಯುವುದಿಲ್ಲ, ಮೇಲ್ ನೋಡುವುದಿಲ್ಲ ಎಂದು ಹಟ ಹಿಡಿದು ಕೂತವನಿಗೆ ಕಾಗದವೇ ಗತಿ. ನರ್ಸರಿಯ ಸಸಿಗಳ ಜೊತೆ ಹಾಯಾಗಿದ್ದೇನೆ, ಅವು ನಿದ್ದೆಯಿಂದ ಎಬ್ಬಿಸಿ ದೂರು ಹೇಳುವುದಿಲ್ಲ ಎಂದು ಬರೆದಿದ್ದೆಯಲ್ಲ, ಓದಿ ನಕ್ಕೆ. ಆಮೇಲೆ ಅಷ್ಟು ನಗು ಬರಲಿಲ್ಲ.

ನೀನು ಬಿಟ್ಟುಹೋದ ಕೋಡ್ ಪರಿಶೀಲನೆಯ ಕೆಲಸದ ಸುದ್ದಿಯನ್ನೇ ತೆಗೆಯುತ್ತಿದ್ದೇನೆ, ಹೊಟ್ಟೆಗೆ ಹಾಕಿಕೋ. ನಮ್ಮ ಕಂಪನಿ ಆಸ್ಪತ್ರೆಗಳಿಗೆ ಔಷಧಿಯ ಪಂಪ್ ಮಾಡುವುದು ನಿನಗೆ ಗೊತ್ತೇ ಇದೆ, ರೋಗಿಯ ಮಂಚದ ಪಕ್ಕ ನಿಂತು ನರಕ್ಕೆ ಸಣ್ಣಗೆ ಔಷಧಿ ಬಿಡುವ ಡಬ್ಬಿ. ಅದರ ಮೋಟಾರು ನಡೆಸುವ ಕೋಡ್ ಹಳೆಯ ಭಾಷೆಯಲ್ಲಿದೆ. ಪರದೆಯ ಕೋಡನ್ನು ಹೊಸ ಭಾಷೆಯಲ್ಲಿ ಬರೆದರು. ಎರಡನ್ನೂ ಮಾತಾಡಿಸಲು ನಡುವೆ ಸೇತುವೆಯ ಹಾಗೆ ಒಂದು ಬೈಂಡಿಂಗ್. ಹೋದ ವರ್ಷ, ಇದೆಲ್ಲ ಸರಿಯಿದೆಯೇ ಎಂದು ಪರಿಶೀಲಿಸಲು ಓಪನ್ ಸೋರ್ಸಿನಲ್ಲಿ ಎಲ್ಲರಿಗೂ ಬಿಟ್ಟಿ ಸಿಗುವ ಸಾಧನಗಳನ್ನು ಹೋಲಿಸಿ ಒಂದನ್ನು ಆರಿಸಿಕೊಡುವ ಕೆಲಸ ನನ್ನ ತಲೆಗೆ ಬಂತು. ನಿನಗೆ ಆಗ ಹೇಳಲಿಲ್ಲ.

ಮೂರನ್ನು ತೆಗೆದುಕೊಂಡೆ. ಮೊದಲನೆಯದು ಗಣಿತದ ಮೇಷ್ಟ್ರ ಹಾಗೆ, ಪ್ರತಿ ಸಾಲಿಗೂ ಕಾರಣ ಕೇಳುತ್ತದೆ, ಹೇಳಿದರೂ ಮುಖ ಸಡಿಲಿಸುವುದಿಲ್ಲ. ಹಳೆಯ ಭಾಷೆಯ ಕೋಡನ್ನು ಅದರಷ್ಟು ಜಾಲಾಡುವುದು ಇನ್ನೊಂದಿಲ್ಲ, ಹೊಸ ಭಾಷೆಯ ಹೊಸ್ತಿಲನ್ನು ಮಾತ್ರ ತುಳಿಯುವುದಿಲ್ಲ. ಎರಡನೆಯದು ಎಲ್ಲರ ಮುದ್ದಿನದು. ಎರಡೂ ಭಾಷೆ ಬರುತ್ತದೆ, ನೋಡಿಕೊಳ್ಳಲು ನೂರಾರು ಜನ, ತಪ್ಪಿಲ್ಲ ಎಂಬ ಹಸಿರು ಗುರುತನ್ನು ಚೆಂದವಾಗಿ ತೋರಿಸುತ್ತದೆ. ಬೈಂಡಿಂಗ್ ಬಂದ ಕೂಡಲೇ ಮಾತ್ರ ಇಲ್ಲೆಲ್ಲ ಸರಿಯೇ ಇರುತ್ತದೆ ಎಂದುಕೊಂಡು ದಾಟಿಬಿಡುತ್ತದೆ. ಮೂರನೆಯದು ನೀನೇ ಬರೆದದ್ದು. ಕೈಪಿಡಿ ಅರ್ಧಕ್ಕೇ ನಿಂತಿದೆ, ದೋಷ ಹೇಳುವ ವಾಕ್ಯಗಳಲ್ಲಿ ನಿನ್ನದೇ ಸಿಡುಕು, ತಪ್ಪಿಲ್ಲದ ಕಡೆ ತಪ್ಪಿದೆ ಎಂದು ಕೂಗುವುದೂ ಜಾಸ್ತಿ. ಆದರೆ ಅದು ನೋಡುವುದೇ ಆ ನಡುವಿನ ಜಾಗವನ್ನು.

ತಪ್ಪು ಅಲ್ಲೇ ಇತ್ತು, ಪುಟ್ಟ. ಬ್ಯಾಟರಿ ಸೊರಗಿದ ಪಂಪಿನ ಪ್ಲಗ್ ಕಿತ್ತು ಮತ್ತೆ ಹಾಕಿದರೆ, ಪರದೆಯ ಕಡೆಯಿಂದ ಔಷಧಿಯ ವೇಗ ಮೋಟಾರಿಗೆ ಇನ್ನೊಮ್ಮೆ ಹೋಗುತ್ತದೆ. ಆ ಒಂದು ದಾರಿಯಲ್ಲಿ ಮಾತ್ರ, ಗಂಟೆಗೆ ಇಷ್ಟು ಎಂದು ಕಳಿಸಿದ್ದನ್ನು ಆ ಕಡೆ ನಿಮಿಷಕ್ಕೆ ಇಷ್ಟು ಎಂದು ತೆಗೆದುಕೊಳ್ಳುತ್ತದೆ. ಗಂಟೆಯ ಔಷಧಿ ನಿಮಿಷದಲ್ಲಿ ಒಳಗೆ ಹೋಗುತ್ತದೆ. ದಾಟುವುದು ಗಂಟೆ, ನಿಮಿಷದ ಗುರುತಿಲ್ಲದ ಬರೀ ಅಂಕಿ, ಆದ್ದರಿಂದ ಇತ್ತ ಕಡೆ ನೋಡಿದರೂ ಹಸಿರು, ಅತ್ತ ಕಡೆ ನೋಡಿದರೂ ಹಸಿರು. ನಿನ್ನದೊಂದೇ ಕೆಂಪು ತೋರಿಸಿತು.

ನಿನ್ನದನ್ನೇ ಆರಿಸಿ ನಮ್ಮ ದೊಡ್ಡ ಸಾಹೇಬರ ಮುಂದಿಟ್ಟೆ. ಹೊಸ ಪಂಪಿನ ಪ್ಲಗ್ ಕಿತ್ತು ಹಾಕಿ ನೋಡಿದರು, ಸರಿಯಾಗಿಯೇ ನಡೆಯಿತು. ಸೊರಗಿದ ಬ್ಯಾಟರಿ ಹಾಕಿ ತೋರಿಸುತ್ತೇನೆ ಎಂದೆ. "ಮುರಿಯೋ ಹಾಗೆ ಮಾಡಿ, ಮುರೀತು ಅಂದ್ರೆ ಹೇಗಮ್ಮ?" ಎಂದರು.

"ಅದಿರ್ಲಿ, ಈ ಸಾಧನಾನ ನೋಡ್ಕೊಳ್ಳೋರು ಯಾರು?"

"ಒಬ್ರೇ, ಸರ್."

"ಈಗೆಲ್ಲಿದ್ದಾರೆ?"

ಗಿಡಕ್ಕೆ ನೀರು ಹಾಕುತ್ತಿದ್ದಾನೆ ಎನ್ನುವ ಬದಲು, ಈಗ ಬಿಟ್ಟಿದ್ದಾರೆ ಸರ್ ಎಂದೆ. ನೀನು ಆ ಸಾಧನದ ವೆಬ್ ಪುಟದ ತಲೆಯ ಮೇಲೆ ಬರೆದುಹೋದ 'ಇನ್ನು ನನ್ನ ಕೈಲಾಗದು' ಎಂಬ ಸಾಲನ್ನು ಅವರೇ ಗಟ್ಟಿಯಾಗಿ ಓದಿದರು. "ಮಾಡಿದವನೇ ಕೈ ತೊಳ್ಕೊಂಡಿದ್ದಾನೆ, ನಾವು ನಂಬೋದಾ?" ಮುದ್ದಿನದನ್ನೇ ಆರಿಸಿದರು. ಹಸಿರು ಗುರುತು ಬಂತು, ಪಂಪುಗಳು ಆಸ್ಪತ್ರೆಗಳಿಗೆ ಹೋದವು.

ನಿನ್ನನ್ನು ದೂರುತ್ತಿಲ್ಲ. ವರ್ಷಗಟ್ಟಲೆ ಬಿಟ್ಟಿ ದುಡಿದೆ, ದುಡಿಸಿಕೊಂಡವರಿಂದಲೇ ಬೈಸಿಕೊಂಡೆ. ನಿನ್ನ ಜಾಗದಲ್ಲಿದ್ದರೆ ನಾನು ಇನ್ನೂ ಬೇಗ ಎದ್ದುಹೋಗುತ್ತಿದ್ದೆ. ಸಂಕಟವೆಂದರೆ, ನಿನ್ನ ಸಾಧನ ಹೇಳಿದ್ದು ಸರಿಯಾಗಿತ್ತು ಮತ್ತು ಅದರಿಂದ ಏನೂ ಬದಲಾಗಲಿಲ್ಲ. ಆಮೇಲೂ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನೋಡಿದೆ. ಈಗ ನಾನು ಬರುವುದು ಕಂಡರೆ ಎಲ್ಲರಿಗೂ ಅರ್ಜೆಂಟ್ ಕೆಲಸ ನೆನಪಾಗುತ್ತದೆ.

ಅಮ್ಮ ಚೆನ್ನಾಗಿದ್ದಾಳೆ. ನಿನ್ನ ನರ್ಸರಿಯ ಮಾತು ಬಂದರೆ, "ಗಿಡಗಳಾದ್ರೂ ಅವನ ಮಾತು ಕೇಳ್ಲಿ ಬಿಡು" ಅನ್ನುತ್ತಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿಲಿಗೆ ತಲೆಯ ಮೇಲೆ ಏನಾದರೂ ಹಾಕಿಕೋ. ನೀನು ನೆಟ್ಟಿದ್ದೆಲ್ಲ ಚಿಗುರಲಿ, ನಿನ್ನ ಮನಸ್ಸು ತಣ್ಣಗಿರಲಿ.

ಇತಿ,
ನಿನ್ನ ಅಕ್ಕ

ತಾ.ಕ.: ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದದ್ದು ಸುಳ್ಳು. ಅವಳ ಹೃದಯ ಸೋತಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ. "ಅವನಿಗೆ ಹೇಳ್ಬೇಡ ಕಣೇ, ಹೆದರ್ಕೋತಾನೆ" ಎಂದಳು. ಅಮ್ಮನನ್ನು ಮುಂದಿಟ್ಟುಕೊಂಡು ನಿನ್ನನ್ನು ಎಳೆದುತರಲು ನನಗೂ ಮನಸ್ಸಿರಲಿಲ್ಲ. ಅವಳ ಮಂಚದ ಪಕ್ಕ ನಿಂತಿರುವುದು ನಮ್ಮದೇ ಪಂಪ್. ಬ್ಯಾಟರಿಯ ಗುರುತು ಹಳದಿಗೆ ತಿರುಗಿದೆ. ಬದಲಾಯಿಸಿ ಎಂದು ನರ್ಸಿಗೆ ಹೇಳಿದೆ. "ಇಲ್ಲಿರೋದೆಲ್ಲ ಇದೇ ಮೇಡಂ, ಹಳೇವು ವಾಪಸ್ ಹೋದ್ವು. ಕಂಪನಿಯವ್ರು ಚೆಕ್ ಮಾಡೇ ಕೊಟ್ಟಿದ್ದಾರಲ್ಲ" ಎಂದಳು. ನೆಲ ಒರೆಸುವವರು ಬಂದಾಗ ತಮ್ಮ ಯಂತ್ರ ಸಿಕ್ಕಿಸಲು ಮೊದಲು ಕೀಳುವುದು ಈ ಪ್ಲಗ್ಗನ್ನೇ. ಅದಕ್ಕೇ ಗೋಡೆಯ ಪಕ್ಕ ಕುರ್ಚಿ ಎಳೆದುಕೊಂಡು ಪ್ಲಗ್ಗಿನ ಮೇಲೆ ಕೈಯಿಟ್ಟು ಕೂತಿದ್ದೇನೆ. ಪಕ್ಕದ ಕೋಣೆಗಳಲ್ಲಿ ಹಾಗೆ ಯಾರೂ ಕೂತಿಲ್ಲ. ಎದುರು ಹಾಸಿಗೆಯವರ ಮಗ ನಿನ್ನ ಊರಿನ ಕಡೆ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ. ನೀನು ಕೋಡ್ ಮುಟ್ಟುವುದು ಬೇಡ, ಏನನ್ನೂ ಸರಿಮಾಡುವುದು ಬೇಡ. ನನಗೆ ಕೂತಲ್ಲೇ ಕಣ್ಣು ಎಳೆಯುತ್ತಿದೆ. ಬಂದು ಸ್ವಲ್ಪ ಹೊತ್ತು ಈ ಕುರ್ಚಿಯಲ್ಲಿ ನೀನು ಕೂರು.