ಹಿಂಡು ತಿರುಗಿದ ಸಂಜೆ

ಅಪ್ಪಾ,

ನೀನು ತೀರಿಕೊಂಡ ಮೇಲೆ ಕುರಿಗಳನ್ನು ಪೆದ್ದಕಡುಬೂರಿನ ಜಂಬಪ್ಪನಿಗೆ ಮಾರಿ ಆದೋನಿಗೆ ಬಂದೆ. ಯುದ್ಧದ ಕಾಲ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಕಾರ್ಖಾನೆಯಲ್ಲಿ ಆಳು ಬೇಕಾಗಿತ್ತು. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹಿಂಡಿನ ಹಿಂದೆ ಅಡವಿ ಅಲೆಯುವುದು ನಿನ್ನ ಸೊಸೆಗೆ ಆಗುತ್ತಿರಲಿಲ್ಲ. ಇಲ್ಲಿ ತಲೆಯ ಮೇಲೊಂದು ಸೂರಿದೆ. ಅದು ಸುಳ್ಳಲ್ಲ.

ಇವತ್ತು ಸಂಜೆ ಕೆಲಸ ಬಿಟ್ಟು ಬರುವಾಗ ಮಗಳು ಗಂಗಿ ದಾರಿಗೇ ಓಡಿಬಂದಳು. ಅವಳನ್ನು ಎತ್ತಿಕೊಂಡು ನಡೆದಿದ್ದೆ. ಎದುರಿಗೆ ಜಂಬಪ್ಪ ನಮ್ಮ ಹಿಂಡನ್ನು ಹೊಡೆದುಕೊಂಡು ಬಂದ. ಮಗುವಿಗೆ ಏನು ನೆನಪಾಯಿತೋ, ನೀನು ಕುರಿಗಳನ್ನು ಕರೆಯುತ್ತಿದ್ದ ಹಾಗೆಯೇ, ಅದೇ ರಾಗದಲ್ಲಿ ಕೂಗಿಬಿಟ್ಟಳು. ಹಿಂಡು ಗಕ್ಕನೆ ನಿಂತಿತು. ಆಮೇಲೆ ಕುರಿಗಳೆಲ್ಲ ತಿರುಗಿ ಬಂದು ನನ್ನ ಕಾಲು ಮುತ್ತಿಕೊಂಡವು.

"ಕೂಸಿಗೆ ಸುಮ್ನಿರು ಅಂತ ಹೇಳಪಾ," ಅಂದ ಜಂಬಪ್ಪ. ಅವನಿಗೆ ಸಿಟ್ಟೇನೂ ಇರಲಿಲ್ಲ. "ಇನ್ನ ಅವು ನನ್ನ ಮಾತು ಕೇಳಬೇಕಲ್ಲ. ನೀನು ಹಿಂಗ ನಿಂತ್ರ ಮುಂದಕ್ಕ ಹೋಗಂಗಿಲ್ಲ."

ಹತ್ತಿಯ ಎಳೆ ಮೆತ್ತಿದ್ದ ಕೈಯಿಂದ ಮಗಳ ಬಾಯಿ ಮುಚ್ಚಿದೆ. ಆದರೂ ಅವು ಕದಲಲಿಲ್ಲ. ಕೊನೆಗೆ ಬಗ್ಗಿ ಒಂದು ಕಲ್ಲು ಎತ್ತಿಕೊಂಡೆ, ಅಪ್ಪಾ. ತಿನ್ನಲು ಏನೋ ಕೊಡುತ್ತೇನೆಂದು ಅವು ಕೊರಳೆತ್ತಿ ನನ್ನ ಕೈಯನ್ನೇ ನೋಡುತ್ತಿದ್ದವು.