ಓದು–ಓಟದ ಹಾಳೆ

ಕಾಗದನಗರ, ಭದ್ರಾವತಿ
ಸೋಮವಾರ

ಮೂರನೇ ತರಗತಿಯ ಸುಷ್ಮಾ ಮೇಡಂ ಅವರಿಗೆ, ಮೈತ್ರಿಯ ತಂದೆ ಹಾಲೇಶನ ನಮಸ್ಕಾರ.

ಮೈತ್ರಿ ಹತ್ತು ದಿನದಿಂದ ಓದುತ್ತಿಲ್ಲ, ಓಡುತ್ತಿಲ್ಲ, ಮನೆಯಲ್ಲಿ ಪ್ರೋತ್ಸಾಹ ಕೊಡಿ ಅಂತ ಡೈರಿಯಲ್ಲಿ ಬರೆದಿದ್ದೀರಿ. ನೋಡಿದೆ.

ಒಂದು ಕಥೆ ಓದಿ, ಮೈದಾನ ಒಂದು ಸುತ್ತು ಓಡಿದರೆ ನೀವು ಕೊಟ್ಟ ಹಾಳೆಯಲ್ಲಿ ಒಂದು ಚೌಕಕ್ಕೆ ಬಣ್ಣ ತುಂಬಬೇಕು. ಪಕ್ಕದಲ್ಲಿ ಮನೆಯವರ ಸಹಿ ಇರಬೇಕು. ಪೂರ್ತಿ ತುಂಬಿದ ಹಾಳೆ ನಿಮಗೆ ವಾಪಸ್ ಕೊಟ್ಟರೆ ಬಹುಮಾನ. ಶಿವಮೊಗ್ಗದ ಆಸ್ಪತ್ರೆಗೆ ಅಡ್ಮಿಟ್ ಆಗುವ ಹಿಂದಿನ ದಿನ ಅವಳಮ್ಮ ಎಲ್ಲಾ ಚೌಕಕ್ಕೂ ಮುಂಚೆಯೇ ಸಹಿ ಹಾಕಿಟ್ಟಳು. ನಾನು ಮರೀತೀನಿ ಅಂತ ಅವಳಿಗೆ ಗೊತ್ತಿತ್ತು. ಅವಳ ತಿಥಿಗೆ ನೀವೂ ಬಂದಿದ್ರಿ.

ಈಗ ಆರು ಸಹಿ ಉಳಿದಿವೆ. ಓದಿದರೆ ಅವೂ ಮುಗಿದುಹೋಗ್ತವೆ ಅಂತ ಮಗು ಪುಸ್ತಕವನ್ನೇ ಮುಟ್ಟುತ್ತಿರಲಿಲ್ಲ. ಹೊಸ ಹಾಳೆ ಕೊಡ್ತೀನಿ ಅನ್ನಬೇಡಿ. ಅದರಲ್ಲಿ ನನ್ನ ಸಹಿ ಇರುತ್ತೆ.

ದಯವಿಟ್ಟು ಈ ಹಾಳೆ ವಾಪಸ್ ಕೇಳಬೇಡಿ. ಬಹುಮಾನದ ಪಟ್ಟಿಯಿಂದ ಅವಳ ಹೆಸರು ತೆಗೆದರೂ ಸರಿ, ಲೈಬ್ರರಿ ಪುಸ್ತಕ ಮಾತ್ರ ಕೊಡ್ತಾ ಇರಿ. ನಿನ್ನೆ ಹಾಳೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸಂಜೆ ತಾನಾಗೇ ಎರಡು ಸುತ್ತು ಓಡಿ ಬಂದು, ಒಂದು ಕಥೆ ಪೂರ್ತಿ ಓದಿದಳು. ಆಮೇಲೆ, "ಅಪ್ಪಾ, ಮಿಸ್ ಹತ್ರ ಹೇಳಬೇಡ" ಅಂದಳು.

ಹೇಳಿದ್ದೀನಿ. ನೀವು ಗೊತ್ತಿಲ್ಲದವರ ಹಾಗೇ ಇರಿ.

ಇಂತಿ,
ಹಾಲೇಶ