ಜಗುಲಿಯ ಮೇಲಿನ ಬಾಜಾ

೨೯ ಸೆಪ್ಟೆಂಬರ್ ೧೯೪೧, ಸೋಮವಾರ. ಖಂಡೇಪೂಜೆ.

ನನ್ನ ಮೌತ್ ಆರ್ಗನ್ ಇನ್ನು ನುಡಿಯುವುದಿಲ್ಲ. ಹೆಂಡತಿ ನಿಂಬೆವ್ವನಿಗೆ ಹೇಳಿಲ್ಲ.

ಪ್ರತಿ ವರ್ಷ ಈ ಆಯುಧಪೂಜೆಯ ದಿನ ನಮ್ಮ ನಾಟಕ ಕಂಪನಿಯಲ್ಲಿ ತಬಲಾ, ಹಾರ್ಮೋನಿಯಂ ಪೆಟ್ಟಿಗೆ, ಶಹನಾಯಿ ಎಲ್ಲಕ್ಕೂ ಪೂಜೆ. ನನ್ನದಕ್ಕೆ ಮಾತ್ರ ಇಲ್ಲ. "ಶಹನಾಯಿ ಪೀಪಿ ತೆಗದು ತೊಳೀಬಹುದು. ಇದರ ಒಳಗ ತೊಳ್ಯಾಕ ಬರೂದಿಲ್ಲ, ಎಂಜಲದ್ದು," ಎನ್ನುತ್ತಾರೆ ಪೆಟ್ಟಿಗೆ ಮಾಸ್ತರ ಮುರುಗೆಪ್ಪ. ಹದಿನೆಂಟು ವರ್ಷ ಕೇಳಿ ಕೇಳಿ ನನಗೆ ರೂಢಿಯಾಗಿತ್ತು. ಹೆಂಡತಿಗೆ ಆಗಿರಲಿಲ್ಲ.

ಇಂದು ನಾನು ಏಳುವ ಮೊದಲೇ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿನೀರಿನಲ್ಲಿ ನೆನೆಹಾಕಿ ತೊಳೆದು, ವಿಭೂತಿ ಹಚ್ಚಿ ದೇವರ ಜಗುಲಿಯ ಮೇಲಿಟ್ಟಿದ್ದಾಳೆ. "ಈಗ ಯಾರು ಎಂಜಲ ಅಂತಾರ ನೋಡ್ತೇನಿ," ಎಂದಳು. ಆ ಮುಖ ನೋಡಿ ಸಿಟ್ಟೂ ಬರಲಿಲ್ಲ.

ಅವಳು ಹೋಳಿಗೆ ಬೇಯಿಸುತ್ತಿದ್ದಾಗ ಮೆಲ್ಲಗೆ ಊದಿ ನೋಡಿದೆ. ಒಳಗಿನ ಕಟ್ಟಿಗೆಯ ಪಟ್ಟಿ ನೀರು ಕುಡಿದು ಉಬ್ಬಿದೆ. ಬರೀ ಗಾಳಿ. ರೈಲ್ವೆ ಗಾರ್ಡ್ ಡಿಸೋಜಾ ಕೊಟ್ಟ ಬಾಜಾ ಅದು. ಅಮೆರಿಕದ ಕರಿಯರ ದುಃಖದ ಹಾಡನ್ನು, ಸ್ವರ ಬಾಗಿಸಿ ಅಳುವಂತೆ ಮಾಡುವುದನ್ನು, ಅವರೇ ಕಲಿಸಿದರು. ಜರ್ಮನಿ ಮಾಲು, ಯುದ್ಧ ಮುಗಿಯುವವರೆಗೆ ಇನ್ನೊಂದು ಸಿಗುವುದಿಲ್ಲ. ನನ್ನ ಹಲ್ಲುಗಳೂ ಅಷ್ಟು ದಿನ ಇರಲಿಕ್ಕಿಲ್ಲ.

ಊಟವಾದ ಮೇಲೆ ಕೇಳಿದಳು: "ಒಂದೀಟು ಊದ್ರಿ, ಕೇಳೋಣು."

"ಪೂಜಿಗೆ ಇಟ್ಟದ್ದನ್ನ ಇವತ್ತ ಮುಟ್ಟಬಾರದು," ಎಂದೆ.

"ಖರೇ ಐತಿ, ಮರ್ತಿದ್ದೆ ನೋಡ್ರಿ," ಎಂದು ಗಲ್ಲ ಗಲ್ಲ ಬಡಿದುಕೊಂಡಳು.

ಇವತ್ತಿನ ಮಟ್ಟಿಗೆ ಪೂಜೆಯೇ ನನ್ನನ್ನು ಕಾಯ್ದಿತು. ನಾಳೆ ದಸರೆಯ ಬನ್ನಿ ಕೊಟ್ಟ ಮೇಲೆ ಅವಳೇ ಅದನ್ನು ಜಗುಲಿಯಿಂದ ತೆಗೆದು ನನ್ನ ಕೈಗಿಡುತ್ತಾಳೆ. ಕೇಳಲು ಎದುರಿಗೇ ಕೂಡುತ್ತಾಳೆ.